ಜ್ಯೂರಿಲಿ "ನೀರು ಎಲ್ಲಿಂದ ಬರುತ್ತೆ" ಅಂತ ಕೇಳಿದ್ರು, ಬಾಯಿ ಬರ್ಲಿಲ್ಲ. ಲ್ಯಾಂಡ್‌ಸ್ಕೇಪ್ ಸ್ಟುಡಿಯೋ ಮಾಡಿರೋರು ಯಾರಾದ್ರೂ ಇದೀರಾ?

ಮುಳಬಾಗಿಲು_ಹುಡುಗಿ
ಎಲ್ರಿಗೂ ನಮಸ್ಕಾರ, ಮೊದಲ ಸಲ ಬರೀತಿರೋದು, ಉದ್ದ ಆಗುತ್ತೆ, ಬೈಬೇಡಿ. ಬಿ.ಆರ್ಕ್ ಮುಗಿಸಿ ಒಂದ್ವರ್ಷ ಒಂದು ಆಫೀಸಲ್ಲಿ ಬರೀ ಟಾಯ್ಲೆಟ್ ಡೀಟೇಲ್ ಎಳೆದು ಎಳೆದು ಸಾಕಾಗಿ ಈಗ ಬೆಂಗಳೂರಲ್ಲಿ ಲ್ಯಾಂಡ್‌ಸ್ಕೇಪ್ ಮಾಸ್ಟರ್ಸ್ ಸೇರಿದೀನಿ, ಮೊದಲನೇ ಸೆಮ್. ಸ್ಟುಡಿಯೋ ಪ್ರಾಜೆಕ್ಟು ಆನೇಕಲ್ ಕಡೆ ಒಂದು ಕೆರೆ. ಮೂರು ಕಡೆ ಲೇಔಟು, ಒಂದ್ಕಡೆ ಇನ್ನೂ ಸ್ವಲ್ಪ ರಾಗಿ ಹೊಲ ಉಳಿದಿದೆ. ಎರಡು ಸಲ ಸೈಟ್ ವಿಸಿಟ್ ಹೋಗಿದ್ವಿ, ಬಸ್ಸಲ್ಲಿ ಹೋಗಿ ಫೋಟೋ ತೆಗೆದು ಡ್ರೋನ್ ಹಾರಿಸಿ ಟೀ ಕುಡಿದು ಬಂದ್ವಿ ಅಷ್ಟೇ.

ಮಿಡ್ ಜ್ಯೂರಿಗೆ, ಅಂದ್ರೆ ಸೆಮ್ ಮಧ್ಯೆ ನಮ್ಮ ಡಿಸೈನ್ ನೋಡಿ ಪ್ರಶ್ನೆ ಕೇಳೋಕೆ ಬರೋರ ಮುಂದೆ, ನಾನು ನಾಲ್ಕು ಎ1 ಶೀಟ್ ಹಾಕಿದ್ದೆ. ಕೆರೆ ಸುತ್ತ ಬೋರ್ಡ್‌ವಾಕ್, ಆಂಫಿಥಿಯೇಟರ್, ಒಂದು ಕೆಫೆ, ಬಟರ್‌ಫ್ಲೈ ಗಾರ್ಡನ್, ನೀರಲ್ಲಿ ಸೂರ್ಯಾಸ್ತ ಕಾಣೋ ತರ ಕಂಪ್ಯೂಟರಲ್ಲಿ ಮಾಡಿದ ಚಿತ್ರ, ರೆಂಡರ್. ಮೂರು ದಿನ ನಿದ್ದೆ ಇಲ್ಲ. ಜ್ಯೂರಿಗೆ ಬಂದಿದ್ದ ಒಬ್ರು ವಯಸ್ಸಾದ ಮೇಡಂ ರೆಂಡರ್ ಕಡೆ ತಿರುಗಿ ಕೂಡ ನೋಡ್ಲಿಲ್ಲ, "ನೀರು ಎಲ್ಲಿಂದ ಬರುತ್ತೆ, ತುಂಬಿದ್ರೆ ಎಲ್ಲಿಗೆ ಹೋಗುತ್ತೆ, ಬೆರಳಲ್ಲಿ ತೋರ್ಸಮ್ಮ" ಅಂದ್ರು. ನಾನು ಪ್ಲಾನ್ ಮೇಲೆ ಬೆರಳಿಟ್ಟೆ, ಎಲ್ಲಿಗೆ ಎಳೀಬೇಕು ಗೊತ್ತಾಗ್ಲಿಲ್ಲ. ಅಲ್ಲೇ ನಿಂತ್ಕೊಂಡೆ. ಇನ್ನೊಬ್ರು ಸರ್ ಇಂಗ್ಲಿಷಲ್ಲಿ ಕಾನ್ಸೆಪ್ಟು, ನರೇಟಿವ್ವು ಅಂತ ಏನೋ ಕೇಳಿದ್ರು, ಅದಕ್ಕೂ ತೊದಲಿದೆ. ಮೂರನೇಯವರು ಮೊಬೈಲ್ ನೋಡ್ತಿದ್ರು.

ಮನೇಲಿ ಆಗ್ಲೇ "ಗಾರ್ಡನ್ ಮಾಡೋಕೆ ಮಾಸ್ಟರ್ಸ್ ಬೇಕಾ" ಅಂತಾರೆ. ಬಿಟ್ಬಿಡ್ಲಾ ಅನ್ಸ್ತಿದೆ. ನಿಜವಾಗ್ಲೂ ಈ ಸ್ಟುಡಿಯೋಲಿ ಏನು ಕಲೀಬೇಕು ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

ನೈಟ್‌ಔಟ್_ನಾಗ
ವೆಲ್‌ಕಮ್ ಟು ದ ಕ್ಲಬ್ 😂 ನನ್ನ ಮಾಡೆಲ್‌ನಲ್ಲಿ ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಕತ್ತರಿಸಿ ಮರ ಮಾಡಿದ್ದೆ, ಜ್ಯೂರಿ "ಇದು ಯಾವ ಸ್ಪೀಶೀಸ್" ಅಂತ ಕೇಳಿದ್ರು, ನಾನು ವಿಮ್ ಅಂದೆ.

ಟ್ರೇಸಿಂಗ್_ಪೇಪರ್
ತಂಗಿ, ಮೊದಲು ನಿದ್ದೆ ಮಾಡು. ಆಮೇಲೆ ಇದನ್ನ ಓದು. ನಾನು ಹನ್ನೊಂದು ವರ್ಷದಿಂದ ಈ ಫೀಲ್ಡಲ್ಲಿದೀನಿ, ಈಗ ಎರಡು ಕಾಲೇಜಲ್ಲಿ ವಾರಕ್ಕೊಂದಿನ ಸ್ಟುಡಿಯೋ ತಗೋತೀನಿ.

ಆ ಮೇಡಂ ನಿಂಗೆ ಉಪಕಾರ ಮಾಡಿದಾರೆ, ಈಗ ಹಾಗನ್ಸಲ್ಲ ಅಷ್ಟೇ. ಬೇರೆ ಪೇಪರ್‌ಗಳಲ್ಲಿ ಸರಿ ಉತ್ತರ ಅಂತ ಒಂದಿರುತ್ತೆ. ಸ್ಟುಡಿಯೋಲಿ ಸೈಟು ಕೊಡ್ತಾರೆ, ಸೈಟಲ್ಲಿ ತೊಂದ್ರೆ ಏನು ಅಂತ ನೀನೇ ಕಂಡುಹಿಡೀಬೇಕು. ನೀನು ತೊಂದ್ರೆ ಹುಡುಕೋ ಮುಂಚೆನೇ ಕೆಫೆ ಇಟ್ಟೆ. ಎಲ್ರೂ ಮಾಡ್ತಾರೆ, ನಾನೂ ಮಾಡಿದ್ದೆ, ನಂದು ಕೆಫೆ ಅಲ್ಲ ಯೋಗ ಪೆವಿಲಿಯನ್.

ಒಂದು ಪ್ರಶ್ನೆ. ಆ ಕೆರೆಗೆ ನಿನ್ನ ಡಿಸೈನಲ್ಲಿ ಎಷ್ಟು ಕಡೆ ಏರಿ ಇದೆ?

ಮುಳಬಾಗಿಲು_ಹುಡುಗಿ
ಅಕ್ಕ ಸುತ್ತಲೂ. ವಾಕಿಂಗ್ ಟ್ರ್ಯಾಕ್ ಬೇಕಲ್ವಾ, ಏರಿ ಮೇಲೆ ಟ್ರ್ಯಾಕ್ ಕೊಟ್ಟಿದೀನಿ.

ಟ್ರೇಸಿಂಗ್_ಪೇಪರ್
ಅಲ್ಲೇ ಸಿಕ್ಕಿಬಿದ್ದೆ ನೋಡು. ನಮ್ಮ ಕೆರೆಗಳಿಗೆ ಏರಿ ಇರೋದು ಒಂದೇ ಕಡೆ, ಇಳಿಜಾರಿನ ಕೆಳಗಡೆ. ಉಳಿದ ಕಡೆ ನೆಲ ನಿಧಾನಕ್ಕೆ ಇಳಿದು ಕೆರೆ ಅಂಗಳ ಆಗುತ್ತೆ. ಮಳೆ ಬಿದ್ರೆ ಆ ಕಡೆಯಿಂದನೇ ನೀರು ಒಳಗೆ ಬರೋದು. ನಾಲ್ಕೂ ಕಡೆ ಏರಿ ಕಟ್ಟಿ ಮಧ್ಯ ಆಳವಾಗಿ ಅಗೆದ್ರೆ ಅದು ಸೂಪ್ ಬೌಲು. ಬೆಂಗಳೂರಲ್ಲಿ ಅಭಿವೃದ್ಧಿ ಹೆಸರಲ್ಲಿ ಎಷ್ಟೋ ಕೆರೆಗೆ ಇದನ್ನೇ ಮಾಡಿದಾರೆ, ನೋಡೋಕೆ ನೀಟಾಗಿರುತ್ತೆ, ಆದ್ರೆ ನೀರು ಬರೋ ದಾರಿ ಮುಚ್ಚೋಗಿರುತ್ತೆ, ಅಂಚಲ್ಲಿ ಮೊಣಕಾಲುದ್ದ ನೀರೇ ಇಲ್ಲದೆ ಉದ್ದ ಕಾಲಿನ ಹಕ್ಕಿಗಳು ನಿಲ್ಲೋಕೆ ಜಾಗ ಇರಲ್ಲ, ನೀರುಕಾಗೆಗಳು ಮಾತ್ರ ಆರಾಮಾಗಿರ್ತವೆ.

ಇದು ಮೇಲಿಂದ ನೋಡೋ ಪ್ಲಾನಲ್ಲಿ ಕಾಣಲ್ಲ, ನೆಲ ಕತ್ತರಿಸಿ ಪಕ್ಕದಿಂದ ನೋಡಿದ ಹಾಗೆ ಎಳೆಯೋ ಸೆಕ್ಷನ್ನಲ್ಲಿ ಮಾತ್ರ ಕಾಣುತ್ತೆ. ನಾಳೆ ಹೋಗಿ ಒಂದೇ ಒಂದು ಉದ್ದ ಸೆಕ್ಷನ್ ಎಳಿ, ಮೇಲಿನ ದಿಣ್ಣೆಯಿಂದ ಹಿಡಿದು ಕೆರೆ ದಾಟಿ ಕೆಳಗಿನ ಗದ್ದೆ ಬಯಲಿನ ತನಕ. ಕಂಪ್ಯೂಟರಲ್ಲಿ ಬೇಡ, ಟ್ರೇಸ್ ಮೇಲೆ ಪೆನ್ಸಿಲಲ್ಲಿ.

ಸಿವಿಲ್_ಸೋಮಣ್ಣ
ನಾನು ಆರ್ಕಿಟೆಕ್ಟ್ ಅಲ್ಲ, ಸಿವಿಲ್, 22 ವರ್ಷ ಡ್ರೈನೇಜ್ ಕೆಲಸ. ಬೇಜಾರು ಮಾಡ್ಕೋಬೇಡಿ, ನಿಮ್ಮ ಸ್ಟುಡಿಯೋಗಳಲ್ಲಿ ಲೆಕ್ಕಾನೇ ಮಾಡಿಸಲ್ಲ. ಬಯೋಸ್ವೇಲು, ಸ್ಪಾಂಜ್ ಸಿಟಿ ಅಂತ ಪದ ಬರೀತಾರೆ, ಎಷ್ಟು ನೀರು ಅಂದ್ರೆ ಮುಖ ಮುಖ ನೋಡ್ತಾರೆ. ಒಂದೇ ಒಂದು ಲೆಕ್ಕ ಹೇಳ್ತೀನಿ ಕೇಳಿ. ಕ್ಯಾಚ್‌ಮೆಂಟ್, ಅಂದ್ರೆ ಕೆರೆಗೆ ನೀರು ಹರಿದು ಬರೋ ಜಾಗ, 200 ಹೆಕ್ಟೇರ್ ಅನ್ಕೊಳ್ಳಿ, ಗಂಟೆಗೆ 50 ಮಿಮೀ ಮಳೆ. ಹೊಲ ಇದ್ದಾಗ ರನ್‌ಆಫ್ ಕೋಎಫಿಶಿಯೆಂಟ್ (ಬಿದ್ದ ಮಳೆಲಿ ಇಂಗದೆ ಹರಿದು ಹೋಗೋ ಪಾಲು) 0.3 ಹಿಡಿದ್ರೆ ಸೆಕೆಂಡಿಗೆ ಹೆಚ್ಚುಕಮ್ಮಿ 8 ಘನ ಮೀಟರ್ ನೀರು. ಅದೇ ಜಾಗ ಲೇಔಟ್ ಆಗಿ ಕಾಂಕ್ರೀಟು ಡಾಂಬರು ಆದ್ಮೇಲೆ 0.8 ಹಿಡೀರಿ, 22 ಘನ ಮೀಟರ್. ಮಳೆ ಅದೇ, ಕಾಲುವೆ ಅದೇ ಅಗಲ, ಅಥವಾ ಒತ್ತುವರಿ ಆಗಿ ಇನ್ನೂ ಚಿಕ್ಕದು. 2022ರ ಸೆಪ್ಟೆಂಬರಲ್ಲಿ ಹೊರವರ್ತುಲ ರಸ್ತೆ ಕಡೆ ಸಾಫ್ಟ್‌ವೇರ್‌ನೋರು ಟ್ರಾಕ್ಟರಲ್ಲಿ ಆಫೀಸಿಗೆ ಹೋದ್ರಲ್ಲ, ಅಲ್ಲಿ ನಡೆದಿದ್ದು ಇದೇ ಗಣಿತ.

ಧಾರವಾಡ_ಫೇಡಾ
ಸೋಮಣ್ಣಾವ್ರ, ನೀವು ಹಚ್ಚಿದ ಫಾರ್ಮುಲಾ ಸಣ್ಣ ಕ್ಯಾಚ್‌ಮೆಂಟಿಗೆ ಸರಿ ಐತ್ರಿ, 200 ಹೆಕ್ಟೇರಿಗೆ ಹಚ್ಚಿದ್ರ ಸ್ವಲ್ಪ ಜಾಸ್ತೀನ ತೋರಸ್ತದ. ಆದ್ರೂ ಮಾತು ಖರೇ.

ಸಿವಿಲ್_ಸೋಮಣ್ಣ
ಒಪ್ಕೊಂಡೆ ಗುರುಗಳೇ. ಅಂದಾಜಿಗೆ ಹೇಳಿದ್ದು.

ಕುಡ್ಲ_ಟು_ಡೆಲ್ಫ್ಟ್
ನಾನು ಮಂಗಳೂರಿನವ, ಈಗ ನೆದರ್‌ಲ್ಯಾಂಡ್ಸ್‌ನಲ್ಲಿ ಲ್ಯಾಂಡ್‌ಸ್ಕೇಪ್ ಓದ್ತಾ ಇದ್ದೇನೆ ಮಾರಾಯ್ರೆ. ಇಲ್ಲಿ ಎಲ್ಲ ಸೊಗಸು ಅಂತ ಹೇಳ್ಲಿಕ್ಕೆ ಬಂದದ್ದಲ್ಲ, ಇಲ್ಲಿ ಕೂಡ ಜ್ಯೂರಿಯಲ್ಲಿ ಅಳ್ತಾರೆ. ಆದ್ರೆ ಒಂದು ವ್ಯತ್ಯಾಸ ಉಂಟು. ಮೊದಲ ಎರಡು ವಾರ ಡಿಸೈನ್ ಮಾಡ್ಲಿಕ್ಕೇ ಬಿಡ್ಲಿಲ್ಲ ನಮ್ಮನ್ನು. ಮಣ್ಣು ಒಂದು ಲೇಯರ್, ನೀರು ಒಂದು, ರಸ್ತೆ ಒಂದು, ಮನೆ ಒಂದು, ಬೇರೆ ಬೇರೆ ಹಾಳೆಯಲ್ಲಿ ಎಳೆದು ಒಂದರ ಮೇಲೆ ಒಂದು ಇಟ್ಟು ನೋಡುವುದು. ಅಮೆರಿಕದಲ್ಲಿ ಇಯಾನ್ ಮೆಕ್‌ಹಾರ್ಗ್ ಅಂತ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ 1960ರ ದಶಕದಲ್ಲಿ ಇದನ್ನೇ ಒಂದು ಪದ್ಧತಿ ಮಾಡಿ ಕಲಿಸಿದ್ದು, ನಕ್ಷೆ ಮಾಡುವ ಈಗಿನ ಜಿಐಎಸ್ ಸಾಫ್ಟ್‌ವೇರಿನ ಲೇಯರ್ ಕೂಡ ಅದೇ ಯೋಚನೆ.

ಮತ್ತೆ ಇಲ್ಲಿ ನೈಮೇಗನ್ ಅಂತ ಒಂದು ಊರುಂಟು, ವಾಲ್ ನದಿಯ ದಡದಲ್ಲಿ. ಅಲ್ಲಿ ನೆರೆ ಬಂದಾಗ ನದಿಗೆ ಜಾಗ ಸಾಕಾಗುದಿಲ್ಲ ಅಂತ ಕಟ್ಟೆಯನ್ನು ಎತ್ತರಿಸುವ ಬದಲು 350 ಮೀಟರ್ ಹಿಂದೆ ಸರಿಸಿದ್ದಾರೆ! ಮಧ್ಯದಲ್ಲಿ ಇನ್ನೊಂದು ಕಾಲುವೆ ತೋಡಿ ಒಂದು ದ್ವೀಪವೇ ಆಯ್ತು, ಅದೇ ಈಗ ಪಾರ್ಕ್. ಕೆಲವು ಮನೆಗಳನ್ನು ತೆಗೀಬೇಕಾಯ್ತು, ಅದು ಕೂಡ ಸುಲಭದಲ್ಲಿ ಆದದ್ದಲ್ಲ. ನಾನು ಆ ದಡದಲ್ಲಿ ನಿಂತು ನೋಡುವಾಗ ನೆನಪಾದದ್ದು ನಮ್ಮ ಅಜ್ಜಿಮನೆಯ ತೋಡು. ಮಳೆಗಾಲದಲ್ಲಿ ತೋಡು ತೋಟಕ್ಕೆ ನುಗ್ಗುದು ಅಂತ ಗೊತ್ತಿದ್ದೇ ಆ ಬದಿಗೆ ಮನೆ ಕಟ್ಟುದಿಲ್ಲ, ಕಂಗು (ಅಡಿಕೆ) ಹಾಕುದು.

ಧಾರವಾಡ_ಫೇಡಾ
ನಾ ಲ್ಯಾಂಡ್‌ಸ್ಕೇಪ್ ಅಲ್ರೀ, ಅರ್ಬನ್ ಡಿಸೈನ್ ಮಾಡೀನಿ. ನಮ್ಮ ಸ್ಟುಡಿಯೋಕ್ಕ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ (ಬಸ್ಸಿಗೇ ಬ್ಯಾರೆ ಲೇನ್ ಇರೋ) ರಸ್ತೆ ಕೊಟ್ಟಿದ್ರು, 22 ಕಿಮೀ. ಎಲ್ಲಾರೂ ಊರು ಹೆಂಗ ಮಂದಿ ಮನಸಿನ್ಯಾಗ ಕೂಡ್ರತದ ಅಂತ ಬರದ ಕೆವಿನ್ ಲಿಂಚ್ ಹೇಳಿದ ಐದು ಅಂಶ ಹಿಡಕೊಂಡು ಕುಂತ್ರು, ದಾರಿ, ಅಂಚು, ಓಣಿ, ಕೂಡುಜಾಗ, ಗುರುತು ಅಂತ ಬಣ್ಣ ಬಣ್ಣದ ಮ್ಯಾಪ್ ಮಾಡಿ. ನಮ್ಮ ಗೈಡ್ ಒಬ್ರು ಒಂದಿನ ಬಂದು "ಎಲ್ಲಾ ಬಂದ್ ಮಾಡ್ರಿ, ಮುಂಜಾನೆ ಆರರಿಂದ ರಾತ್ರಿ ಹತ್ತರ ತನಕ ಒಂದ ಸ್ಟಾಪಿನ್ಯಾಗ ನಿಂದರ್ರಿ, ಯಾರು ಎಲ್ಲಿ ರಸ್ತೆ ದಾಟತಾರ ಎಣಿಸ್ರಿ" ಅಂದ್ರು. ನಾ ಬಿಸಲಾಗ ನಿಂತೆ. ನಾವು ಮ್ಯಾಪಿನ್ಯಾಗ 'ನೋಡ್' (ಕೂಡುಜಾಗ) ಅಂತ ದೊಡ್ಡ ಚುಕ್ಕಿ ಹಾಕಿದ್ದ ಜಾಗದಾಗ ಯಾರೂ ನಿಂದರತಿರಲಿಲ್ಲ. ಮಂದಿ ನಿಂತಿದ್ದು ಒಂದು ಬೇವಿನ ಗಿಡದ ಬುಡಕ, ಚಹಾದ ಡಬ್ಬಿ ಅಂಗಡಿ ಹತ್ರ, ಅದು ನಮ್ಮ ಮ್ಯಾಪಿನ್ಯಾಗ ಇರಲೇ ಇಲ್ಲ. ಆ ಗಿಡ ಆಮ್ಯಾಲ ಹೋತು ಅನ್ನೋದು ಬ್ಯಾರೆ ಮಾತು.

ಇಂಗ್ಲಿಷ್ ಬಗ್ಗೆ ಹೆದರಬ್ಯಾಡ್ರಿ. ನಾ ಫೈನಲ್ ಜ್ಯೂರಿನ್ಯಾಗ ಅರ್ಧ ಕನ್ನಡದಾಗ ಮಾತಾಡೀನಿ, ಬೈದಿಲ್ಲ. ಡ್ರಾಯಿಂಗ್ ಮಾತಾಡಿದ್ರ ನೀವು ಸುಮ್ಮನಿದ್ರೂ ನಡೀತದ.

ಲೇಔಟ್_ಲಕ್ಷ್ಮಣ
ಎಲ್ಲ ಸರಿ ಸ್ವಾಮಿ, ಮಾರ್ಕೆಟಲ್ಲಿ ಬಿಕರಿ ಆಗೋದು ರೆಂಡರೇ. ನಾನು ಡೆವಲಪರ್ ಹತ್ರ ಕೆಲಸ ಮಾಡ್ತೀನಿ, ಕ್ಲೈಂಟ್ ಮುಂದೆ ಪೆನ್ಸಿಲ್ ಸೆಕ್ಷನ್ ಇಟ್ರೆ ಎದ್ದೋಗ್ತಾನೆ. ಹುಡುಗಿ ರೆಂಡರ್ ಚೆನ್ನಾಗಿ ಮಾಡಿದ್ರೆ ಅದನ್ನ ಬಿಡಿಸ್ಬೇಡಿ, ಅದೇ ಅನ್ನ ಹಾಕೋದು.

ಟ್ರೇಸಿಂಗ್_ಪೇಪರ್
ಲಕ್ಷ್ಮಣ್ ಅವ್ರೆ, ಅನ್ನದ ಮಾತು ಸುಳ್ಳಲ್ಲ. ನನ್ನ ಮೊದಲ ಸಂಬಳ 16 ಸಾವಿರ, ಬೆಂಗಳೂರಲ್ಲಿ, ಪಿಜಿ ಬಾಡಿಗೆಗೆ ಅರ್ಧ ಹೋಗ್ತಿತ್ತು. ಇನ್ನೊಂದು ವಿಷಯ ಈ ಹುಡುಗಿಗೆ ಯಾರೂ ಹೇಳಿರಲ್ಲ, 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ರಿಜಿಸ್ಟ್ರೇಷನ್ ಇರೋದು ಆರ್ಕಿಟೆಕ್ಟ್‌ಗೆ, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅನ್ನೋದಕ್ಕೆ ಅಂತ ಬೇರೆ ಕಾನೂನು ಇಲ್ಲ. ಹಾಗಾಗಿ ದೊಡ್ಡ ಪ್ರಾಜೆಕ್ಟಲ್ಲಿ ನಮ್ಮನ್ನ ಕೊನೇಗೆ ಕರೀತಾರೆ, ಬಿಲ್ಡಿಂಗ್ ಎಲ್ಲ ಕೂತ್ಮೇಲೆ "ಉಳಿದ ಜಾಗಕ್ಕೆ ಏನಾದ್ರೂ ಹಸಿರು ಹಾಕಿ" ಅಂತ. ಅದಕ್ಕೇ ನಿಮ್ಮಮ್ಮ ಗಾರ್ಡನ್ ಅಂತಿರೋದು, ಅವ್ರ ತಪ್ಪಲ್ಲ.

ಆದ್ರೆ ಬೇರೆ ತರಾನೂ ಆಗಿದೆ. ದೆಹಲಿಗೆ ಹೋದ್ರೆ ಹುಮಾಯೂನ್ ಗೋರಿ ಪಕ್ಕ ಸುಂದರ್ ನರ್ಸರಿ ಪಾರ್ಕ್ ನೋಡು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಮೊಹಮ್ಮದ್ ಶಹೀರ್ ಡಿಸೈನ್, 2018ರಲ್ಲಿ ತೆರೆದ್ರು, ಅಷ್ಟೊತ್ತಿಗೆ ಅವ್ರು ತೀರ್ಕೊಂಡಿದ್ರು. ದೂರ ಬೇಡ ಅಂದ್ರೆ ಬನ್ನೇರುಘಟ್ಟ ರಸ್ತೆ ಐಐಎಂ, ಆರ್ಕಿಟೆಕ್ಟ್ ಬಿ.ವಿ. ದೋಶಿ ಮಾಡಿದ್ದು. ಅಲ್ಲಿ ಕಟ್ಟಡ ಯಾವುದು ಓಣಿ ಯಾವುದು ತೋಟ ಯಾವುದು ಅಂತ ಬೇರೆ ಮಾಡೋಕಾಗಲ್ಲ, ಕಲ್ಲು ಗೋಡೆ ಮೇಲೆ ಬಳ್ಳಿ ಹಬ್ಬಿ. ರೆಂಡರ್ ಇಲ್ಲದ ಕಾಲದಲ್ಲಿ ಕಟ್ಟಿದ್ದು.

ಹೊಂಗೆಮರ
ಗಿಡದ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ. ಬಟರ್‌ಫ್ಲೈ ಗಾರ್ಡನ್ ಅಂತ ಹಾಕಿದೀಯಲ್ಲಮ್ಮ, ಯಾವ ಚಿಟ್ಟೆ, ಅದರ ಹುಳ ಯಾವ ಎಲೆ ತಿನ್ನುತ್ತೆ? ಕರಿಬೇವು, ನಿಂಬೆ ಇಟ್ರೆ ಒಂದು ಜಾತಿ ಬರುತ್ತೆ, ಎಕ್ಕ ಇಟ್ರೆ ಇನ್ನೊಂದು. ಬರೀ ಹೂವಿನ ಫೋಟೋ ಅಂಟಿಸಿದ್ರೆ ಚಿಟ್ಟೆ ಬರಲ್ಲ. ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, 1908ರಲ್ಲಿ ಬೆಂಗಳೂರಿಗೆ ಬಂದೋರು, ರಸ್ತೆಗೆ ಮರ ಆರಿಸುವಾಗ ಒಂದು ಜಾತಿ ಹೂ ಉದುರಿದ್ರೆ ಇನ್ನೊಂದು ಅರಳ್ಬೇಕು, ವರ್ಷಪೂರ್ತಿ ಎಲ್ಲೋ ಒಂದ್ಕಡೆ ಹೂ ಇರ್ಬೇಕು ಅಂತ ಯೋಚಿಸಿದ್ರು. ಅದೂ ಡಿಸೈನೇ, ತಿಂಗಳ ಲೆಕ್ಕದ ಡಿಸೈನು. ಕೆರೆ ಅಂಚಿಗೆ ಹೊಳೆಮತ್ತಿ, ಹೊಂಗೆ, ನೇರಳೆ ನೋಡು. ಏರಿ ಮೇಲೆ ಮಾತ್ರ ದೊಡ್ಡ ಮರ ಬೇಡ, ಬೇರು ಸತ್ತು ಕೊಳೆತ ಜಾಗದಲ್ಲಿ ನೀರು ಜಿನುಗುತ್ತೆ.

ಮುಳಬಾಗಿಲು_ಹುಡುಗಿ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಟ್ರೇಸಿಂಗ್ ಅಕ್ಕ ಏರಿ ಒಂದೇ ಕಡೆ ಅಂದ್ರಲ್ಲ, ಅದನ್ನ ಓದಿ ನಾಚಿಕೆ ಆಯ್ತು, ಯಾಕಂದ್ರೆ ಅದು ನಂಗೆ ಗೊತ್ತಿರೋ ವಿಷಯ. ನಮ್ಮ ತಾತ ಊರಲ್ಲಿ ನೀರುಗಂಟಿ ಆಗಿದ್ರು. ತೂಬು ತೆಗೆಯೋದು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಸರದಿ ನೋಡೋದು, ಮಳೆಗಾಲದಲ್ಲಿ ರಾತ್ರಿ ಲಾಟೀನ್ ಹಿಡ್ಕೊಂಡು ಏರಿ ಮೇಲೆ ಓಡಾಡೋದು. ಕೂಲಿ ಅಂತ ಸುಗ್ಗಿಲಿ ಕಾಳು ಕೊಡ್ತಿದ್ರಂತೆ. ನಾನು ಹುಟ್ಟೋ ಹೊತ್ತಿಗೆ ಕೆರೆ ಬತ್ತಿ ಬೋರ್‌ವೆಲ್ ಬಂದು ಆ ಕೆಲಸನೇ ಇರ್ಲಿಲ್ಲ. ಕೋಲಾರದ ಕಡೆ ಕೆರೆಗಳಿಗೆ ಈಗ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಿಡ್ತಿದಾರೆ, ಕೆ.ಸಿ. ವ್ಯಾಲಿ ಯೋಜನೆ, ನಿಮಗೆ ಗೊತ್ತಿರುತ್ತೆ. ತಾತ ಆ ನೀರು ನೋಡಿ "ನೀರೇನೋ ಬಂತು, ಯಾರ ನೀರೋ" ಅಂತಾರೆ.

ಇದನ್ನೆಲ್ಲ ಸ್ಟುಡಿಯೋಲಿ ಹೇಳ್ಬೋದು ಅಂತ ತಲೆಗೇ ಬಂದಿರ್ಲಿಲ್ಲ. ಪಿನ್ಟರೆಸ್ಟಲ್ಲಿ ಸಿಂಗಾಪುರ ನೋಡ್ತಾ ಕೂತಿದ್ದೆ.

ಸಿವಿಲ್_ಸೋಮಣ್ಣ
ನೀರುಗಂಟಿ ಮೊಮ್ಮಗಳು ಇಟ್ಕೊಂಡು ನಾವು ಇಲ್ಲಿ ಫಾರ್ಮುಲಾ ಹೇಳ್ತಿದೀವಿ 😅 ನೀವು ದಿಶಾಂಕ್ ಆ್ಯಪ್ ಹಾಕ್ಕೊಂಡು ಸೈಟಲ್ಲಿ ನಡೀರಿ ಮೇಡಂ. ಹಳೇ ಗ್ರಾಮ ನಕ್ಷೆ ನೀವು ನಿಂತಿರೋ ಜಾಗದ ಮೇಲೇ ಬರುತ್ತೆ, ಕಾಲುವೆ, ಗುಂಡುತೋಪು, ಖರಾಬು ಎಲ್ಲ ಕಾಣುತ್ತೆ. ಕೆರೆ ಸುತ್ತ ಏನೂ ಕಟ್ಟದೆ ಬಿಡ್ಬೇಕಾದ ಬಫರ್ ಲೆಕ್ಕ ಮಾತ್ರ ಹುಷಾರು. 'ಮಾಸ್ಟರ್ ಪ್ಲಾನ್ 2015'ರಲ್ಲಿ ಕೆರೆಗೆ 30 ಮೀಟರ್ ಇತ್ತು, 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮಾಡ್ತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು. ಇವತ್ತಿನ ನಿಯಮ ಏನು ಅಂತ ನೋಡಿ ಶೀಟಲ್ಲಿ ಬರೀರಿ, ಹಳೇ ನಂಬರ್ ಹಾಕಿದ್ರೆ ಯಾರಾದ್ರೂ ಹಿಡೀತಾರೆ.

ಮುಳಬಾಗಿಲು_ಹುಡುಗಿ
ಹತ್ತು ದಿನ ಆದ್ಮೇಲೆ ಬರ್ತಿದೀನಿ. ಈ ಸಲ ಒಬ್ಳೇ ಹೋದೆ, ಮೂರು ದಿನ, ನಡ್ಕೊಂಡು. ಸೋಮಣ್ಣ ಸರ್ ಹೇಳಿದ ಆ್ಯಪಲ್ಲಿ ನೋಡಿದ್ರೆ ಮೇಲಿನ ಕೆರೆಯಿಂದ ಬರೋ ಕಾಲುವೆ ಒಂದು ಲೇಔಟಿನ 40 ಅಡಿ ರಸ್ತೆ ಕೆಳಗೆ ಪೈಪಾಗಿಬಿಟ್ಟಿದೆ, ಪೈಪಿನ ಬಾಯಿ ಎಲ್ಲಿ ಅಂತ ಅಲ್ಲಿ ಮನೆ ಕಟ್ಕೊಂಡಿರೋರಿಗೇ ಗೊತ್ತಿಲ್ಲ. ಆಡು ಮೇಯಿಸ್ತಿದ್ದ ಒಬ್ರು ಅಜ್ಜಿ ತೋರ್ಸಿದ್ರು. ಕೋಡಿ ಎಲ್ಲಿ ಅಂತ ಕೇಳಿದೆ, "ಅಗೋ ಆ ಗಣಪತಿ ಗುಡಿ ಹಿಂದೆ ಕಲ್ಲು ಕಾಣ್ತದಲ್ಲ, ಅದೇ, ಕೋಡಿ ಬಿದ್ದಾಗ ಗಂಗಮ್ಮನಿಗೆ ಪೂಜೆ ಮಾಡ್ತಿದ್ವಿ" ಅಂದ್ರು. ನಾನು ಅಲ್ಲಿ ಪಾರ್ಕಿಂಗ್ ಕೊಟ್ಟಿದ್ದೆ!! ಕೆರೆ ತುಂಬಿದಾಗ ನೀರು ಹೊರಗೆ ಹೋಗೋಕಿರೋ ಒಂದೇ ಒಂದು ಜಾಗದಲ್ಲಿ 60 ಕಾರಿನ ಪಾರ್ಕಿಂಗ್.

ಎಲ್ಲ ಕಿತ್ತಾಕಿದೆ. ಆಂಫಿಥಿಯೇಟರ್ ಹೋಯ್ತು, ಕೆಫೆ ಹೋಯ್ತು. ಏರಿ ಒಂದೇ ಕಡೆ. ಮೇಲಿನ ಅಂಚು ಹಾಗೇ ಇಳಿಜಾರು, ನೀರು ಇಳಿದಾಗ ಆಡು ಮೇಯೋಕೆ, ಹುಡುಗ್ರು ಕ್ರಿಕೆಟ್ ಆಡೋಕೆ, ತುಂಬಿದಾಗ ಮುಳುಗೋ ಜಾಗ. ಕೊಳಚೆ ಬರೋ ಕಡೆ ಜೊಂಡಿನ ವೆಟ್‌ಲ್ಯಾಂಡ್, ಜಕ್ಕೂರು ಕೆರೆಲಿ ಇರೋ ತರ, ಅದನ್ನ ಹೋಗಿ ನೋಡ್ಕೊಂಡ್ ಬಂದೆ. ಸೆಕ್ಷನ್ ಎಳ್ದೆ, ಒಂದೂವರೆ ಮೀಟರ್ ಉದ್ದ ಟ್ರೇಸು, ಫೋಟೋ ಹಾಕಿದೀನಿ ನೋಡಿ.

ನೈಟ್‌ಔಟ್_ನಾಗ
ಗುರೂ ಬೆಂಕಿ 🔥 ಆಡುಗಳನ್ನ ಕೂಡ ಎಳ್ದಿದಾರೆ

ಟ್ರೇಸಿಂಗ್_ಪೇಪರ್
ಇದು ಡ್ರಾಯಿಂಗ್ ತಂಗಿ. ಲೈನ್ ವೆಯ್ಟ್ ಸ್ವಲ್ಪ ಸರಿ ಮಾಡು, ನೆಲದ ಗೆರೆ ದಪ್ಪ ಬರ್ಲಿ. ಉಳಿದಂತೆ ಬಿಡು.

ಸಿವಿಲ್_ಸೋಮಣ್ಣ
ತುಂಬಾ ಚೆನ್ನಾಗಿದೆ ಮೇಡಂ. ಎಲ್ಲ ಕಡೆ ಲೆವೆಲ್ ಬರೆದಿದೀರ, ಖುಷಿ ಆಯ್ತು.

ಲೇಔಟ್_ಲಕ್ಷ್ಮಣ
ಚೆನ್ನಾಗಿದೆ, ಒಪ್ತೀನಿ. ಆದ್ರೆ ಇದನ್ನ ಯಾರು ಕಟ್ಟಿಸ್ತಾರೆ? ಮುಳುಗೋ ಜಾಗಕ್ಕೆ ಟೆಂಡರ್ ಕರೆಯೋಕಾಗಲ್ಲ, ಬೋರ್ಡ್‌ವಾಕಿಗೆ ಕರೀಬೋದು.

ಕುಡ್ಲ_ಟು_ಡೆಲ್ಫ್ಟ್
ಲಕ್ಷ್ಮಣ್ ಹೇಳಿದ್ದರಲ್ಲಿ ವಿಷಯ ಉಂಟು ಮಾರಾಯ್ರೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಮುಳಬಾಗಿಲು_ಹುಡುಗಿ
ನಿನ್ನೆ ಪ್ರೀ-ಫೈನಲ್ ಆಯ್ತು. ಆ ವಯಸ್ಸಾದ ಮೇಡಂ ಬಂದಿದ್ರು, ಹತ್ತು ನಿಮಿಷ ಸೆಕ್ಷನ್ ಮುಂದೆನೇ ನಿಂತಿದ್ರು, ಕನ್ನಡದಲ್ಲೇ ಕೇಳಿದ್ರು, ಕನ್ನಡದಲ್ಲೇ ಹೇಳಿದೆ. ಕಾನ್ಸೆಪ್ಟ್ ಸರ್ ಮಾತ್ರ "ಇದು ರಿಪೋರ್ಟು, ಇದ್ರಲ್ಲಿ ಡಿಸೈನ್ ಎಲ್ಲಿ, ನೀನು ಮಾಡಿದ್ದೇನು" ಅಂದ್ರು. ಅವ್ರು ಹೇಳಿದ್ದೂ ಪೂರ್ತಿ ತಪ್ಪಲ್ಲ ಅನ್ಸುತ್ತೆ, ಕೊಳಚೆ ನೀರು ಒಳಗೆ ಬರೋ ಜಾಗದಲ್ಲಿ ಜನ ಹೇಗೆ ದಾಟ್ತಾರೆ, ಎಲ್ಲಿ ಕೂರ್ತಾರೆ ಅಂತ ನಾನು ಯೋಚ್ನೇನೇ ಮಾಡಿಲ್ಲ, ಹೆದರಿ ಎಲ್ಲ ತೆಗೆದುಬಿಟ್ಟೆ. ಬಿ ಗ್ರೇಡ್. ಕೋರ್ಸ್ ಬಿಡೋದು ಬಿಡದಿರೋದು ಈ ಸೆಮ್ ಮುಗೀಲಿ ಅಂತಿದೀನಿ.

ಆದ್ರೆ ಬರೆಯೋಕೆ ಬಂದಿದ್ದು ಅದಕ್ಕಲ್ಲ. ರಾತ್ರಿ ತಾತನಿಗೆ ವಿಡಿಯೋ ಕಾಲ್ ಮಾಡಿ ಸೆಕ್ಷನ್ ತೋರ್ಸಿದೆ. ಅಜ್ಜಿ ಫೋನ್ ಹಿಡಿದಿದ್ರು, ತಾತ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿ "ಏರಿ ತಲೆನೂ ಕೋಡಿ ಕಲ್ಲೂ ಒಂದೇ ಮಟ್ಟಕ್ಕೆ ಬರ್ದಿದೀಯಲ್ಲೇ, ಕೋಡಿ ಒಂದಾಳು ಕೆಳಗಿರ್ಬೇಕು, ಇಲ್ದಿದ್ರೆ ಮೊದಲ ದೊಡ್ಡ ಮಳೆಗೆ ನೀರು ಏರಿ ಹತ್ತಿ ಊರು ಕೊಚ್ಕೊಂಡೋಗ್ತದೆ" ಅಂದ್ರು.

ಮೂರು ಜನ ಜ್ಯೂರಿ ನೋಡಿದಾರೆ. ನೀವೆಲ್ಲ ನೋಡಿದೀರ.

ಸಿವಿಲ್_ಸೋಮಣ್ಣ
ಅಯ್ಯಯ್ಯೋ. ಫ್ರೀಬೋರ್ಡ್, ತುಂಬಿದ ನೀರಿಗೂ ಏರಿ ತಲೆಗೂ ನಡುವೆ ಬಿಡೋ ಎತ್ತರ! ಈಗ ಫೋಟೋ ಝೂಮ್ ಮಾಡಿ ನೋಡ್ದೆ, ಎರಡೂ ಕಡೆ ಒಂದೇ ಲೆವೆಲ್ ನಂಬರ್ ಇದೆ. 22 ವರ್ಷ ಸರ್ವಿಸು ನಂದು. ತಾತನಿಗೆ ನನ್ನ ನಮಸ್ಕಾರ ತಿಳಿಸಿ.

ಟ್ರೇಸಿಂಗ್_ಪೇಪರ್
ನಾನು ಲೈನ್ ವೆಯ್ಟ್ ಬಗ್ಗೆ ಮಾತಾಡಿದೆ 🙈

ಮುಳಬಾಗಿಲು_ಹುಡುಗಿ
ಈಗ ಅದನ್ನೇ ತಿದ್ದುತಾ ಕೂತಿದೀನಿ, ಕೋಡಿ ಇಳಿಸಿದ್ರೆ ನೀರಿನ ಮಟ್ಟನೂ ಇಳಿಯುತ್ತೆ, ಮುಳುಗೋ ಜಾಗದ ಅಂಚು ಪೂರ್ತಿ ಬದಲಾಗುತ್ತೆ, ಅಂದ್ರೆ ಪ್ಲಾನೂ ಮತ್ತೆ ಎಳೀಬೇಕು. ಬೆಳಿಗ್ಗೆ ಒಂಬತ್ತಕ್ಕೆ ಫೈನಲ್. ರಾತ್ರಿ ತೆಗ್ದಿರೋ, ದೊಡ್ಡ ಶೀಟ್ ಪ್ರಿಂಟ್ ಮಾಡೋ ಪ್ಲಾಟರ್ ಅಂಗಡಿ ಜಯನಗರ, ಬಸವನಗುಡಿ ಸುತ್ತ ಯಾವುದಾದ್ರೂ ಇದ್ಯಾ?

ನೈಟ್‌ಔಟ್_ನಾಗ
ನಮ್ಮ ಕಾಲೇಜ್ ಹಿಂದೆ ಒಂದಿದೆ, ಶಟರ್ ಹಾಕಿರ್ತಾನೆ, ತಟ್ಟಿದ್ರೆ ತೆಗೀತಾನೆ. ಲೊಕೇಶನ್ ಮೆಸೇಜ್ ಮಾಡ್ತೀನಿ. ಪೆನ್‌ಡ್ರೈವಲ್ಲಿ ಪಿಡಿಎಫ್ ತಗೊಂಡ್ ಹೋಗಿ, ಕ್ಯಾಡ್ ಫೈಲ್ ಕೊಟ್ರೆ ಫಾಂಟ್ ಎಲ್ಲ ಚೌಕ ಚೌಕ ಬರುತ್ತೆ.